ಮೀಟರ್ ಬಿಡಿ, ಬಿಲ್ ಕೇಳಿ: ಸೆಕೆಂಡ್ ಹ್ಯಾಂಡ್ ಕಾರ್ ಬಗ್ಗೆ ಓದುಗರ ಪ್ರಶ್ನೆಗಳು

ಹಳೇ ಕಾರ್ ತಗೊಳ್ಳೋ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ದಕ್ಕೆ ರಾಶಿ ಪತ್ರ ಬಂದಿದೆ. ಮುಕ್ಕಾಲು ಪಾಲು ಜನ ಕೇಳಿರೋದು ಒಂದೇ, ಮೀಟರಲ್ಲಿ ಕಾಣೋ ಕಿಲೋಮೀಟರ್ ನಿಜಾನಾ ಸುಳ್ಳಾ ಅಂತ. ಎಲ್ಲಾ ಹಾಕಕ್ಕೆ ಜಾಗ ಇಲ್ಲ, ಕೆಲವನ್ನ ಆರಿಸಿದೀನಿ. ಡೀಲರ್ ಹೆಸ್ರು ಹಾಕಿ ಬೈದು ಬರ್ದಿರೋ ಪತ್ರಗಳನ್ನ ಪಕ್ಕಕ್ಕಿಟ್ಟಿದೀನಿ, ಕ್ಷಮಿಸಿ.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಮಾಸ್ತರ ಅದೀನಿ. ಹುಬ್ಬಳ್ಳ್ಯಾಗ ಒಬ್ಬ ಡೀಲರ್ ಕಡೆ 2016ರ ಸ್ವಿಫ್ಟ್ ಡೀಸೆಲ್ ನೋಡೇನಿ. ಮೀಟರ್‌ನ್ಯಾಗ 48 ಸಾವಿರ ಐತಿ. ಸಿಂಗಲ್ ಓನರ್, ಡಾಕ್ಟರ್ ಓಡ್ಸಿದ ಗಾಡಿ ಅಂತ ಹೇಳ್ತಾನ. ನೋಡಾಕ ಹೊಸಾದರಂಗ ಐತಿ, ಆದ್ರ ಕ್ಲಚ್ ಪೆಡಲ್ ರಬ್ಬರ್ ಸವ್ದು ನುಣ್ಣಗ ಆಗೇತಿ. ಡ್ರೈವರ್ ಡೋರ್ ತಗದ್ರ ಒಳಗಿನ ಕಂಬಕ್ಕ ಆಯಿಲ್ ಚೇಂಜ್ ಸ್ಟಿಕ್ಕರ್ ಹಚ್ಚ್ಯಾರ, ಅದನ್ನ ಯಾರೋ ಅರ್ಧ ಕಿತ್ತಾರ. 2021 ಅಂತ ವರ್ಷ ಕಾಣಸ್ತದ, ಮುಂದಿನ ಸರ್ವೀಸ್ ಅನ್ನೋ ಜಾಗದಾಗ 9 ಅನ್ನೋ ಅಂಕಿ ಒಂದ್ ಉಳದೈತಿ, ಉಳದದ್ದು ಹರದ ಹೋಗೇತಿ. ತಗೋಬೇಕೋ ಬ್ಯಾಡೋ ಹೇಳ್ರಿ.
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮಾಸ್ತರ್ರೇ, ಅರ್ಧ ತನಿಖೆ ನೀವೇ ಮುಗ್ಸಿ ಆಮೇಲೆ ನನ್ನ ಕೇಳ್ತಿದೀರಿ! ಆ ಸ್ಟಿಕ್ಕರ್‌ನ ಫೋಟೋ ತೆಗ್ದಿಟ್ಕೊಳ್ಳಿ, ನಾಳೆ ಹೋಗೋಷ್ಟ್ರಲ್ಲಿ ಪೂರ್ತಿ ಮಾಯ ಆಗಿದ್ರೂ ಆಶ್ಚರ್ಯ ಇಲ್ಲ. 2021ರಲ್ಲಿ ಐದು ವರ್ಷದ ಗಾಡಿಗೆ ಮುಂದಿನ ಸರ್ವೀಸ್ 9ರಿಂದ ಶುರುವಾಗೋ ಸಂಖ್ಯೆ ಅಂದ್ರೆ ಒಂದೋ 9 ಸಾವ್ರ ಚಿಲ್ಲರೆ, ಇಲ್ಲಾ 90 ಸಾವ್ರದ ಮೇಲೆ. ಐದು ವರ್ಷದಲ್ಲಿ 9 ಸಾವ್ರಾನೂ ಓಡದೇ ಇರೋ ಡೀಸೆಲ್ ಕಾರ್ ನಾನಂತೂ ಕಂಡಿಲ್ಲ.

ಈಗ ಡಾಕ್ಟರ್ ವಿಷ್ಯ. ಕರ್ನಾಟಕದಲ್ಲಿ ಇರೋ ಡಾಕ್ಟರ್‌ಗಳಿಗಿಂತ ಡಾಕ್ಟರ್ ಓಡ್ಸಿದ ಕಾರ್‌ಗಳೇ ಜಾಸ್ತಿ ಇರ್ಬೇಕು, ಹೋದ್ ಕಡೆ ಎಲ್ಲಾ ಇದೇ ಮಾತು. ಅದನ್ನ ಬಿಟ್ಟು ಒಂದು ಸಣ್ಣ ಲೆಕ್ಕ ಹಾಕಿ. 2016ರಲ್ಲಿ ಸ್ವಿಫ್ಟ್ ಪೆಟ್ರೋಲ್‌ಗಿಂತ ಡೀಸೆಲ್‌ಗೆ ಹತ್ತಿರ ಹತ್ತಿರ ಲಕ್ಷ ರೂಪಾಯಿ ಜಾಸ್ತಿ ಇತ್ತು. ಅಷ್ಟು ದುಡ್ಡು ಜಾಸ್ತಿ ಕೊಟ್ಟು ಡೀಸೆಲ್ ತಗೊಂಡೋನು ದಿನಾ ದೂರ ಓಡಾಡೋನೇ ಆಗಿರ್ತಾನೆ, ವರ್ಷಕ್ಕೆ ಐದು ಸಾವ್ರ ಕಿಲೋಮೀಟರ್ ಓಡ್ಸೋಕೆ ಯಾರೂ ಡೀಸೆಲ್ ತಗೊಳ್ಳಲ್ಲ. ಅಪರೂಪಕ್ಕೆ ಒಬ್ರು ಇರ್ಬಹುದು, ಆದ್ರೆ ಆ ಅಪರೂಪದ ಗಾಡಿ ಕರೆಕ್ಟಾಗಿ ನಿಮ್ಮ ಡೀಲರ್ ಹತ್ರಾನೇ ಬಂದು ನಿಂತಿದೆ ಅಂದ್ರೆ ಅದಕ್ಕೆ ಕಾಗದ ಕೇಳ್ಬೇಕು.

ಮೀಟರ್ ಹಿಂದಕ್ಕೆ ತಿರುಗ್ಸೋದು ಈಗ ದೊಡ್ಡ ಕೆಲಸ ಅಲ್ಲ. ಮುಂಚೆ ಮುಳ್ಳಿನ ಮೀಟರ್ ಇದ್ದಾಗ ಬಿಚ್ಚಿ ಗಾಲಿ ತಿರುಗ್ಸ್ತಿದ್ರು, ಅಂಕಿ ಸೊಟ್ಟಗೆ ಕೂತು ಸಿಕ್ಕಾಕೊಳ್ತಿದ್ರು. ಈಗ ಸ್ಟೀರಿಂಗ್ ಕೆಳಗಿರೋ ಸ್ಕ್ಯಾನರ್ ಪೋರ್ಟಿಗೆ ಒಂದು ಮಿಷನ್ ಚುಚ್ಚಿ, ಇಲ್ಲಾ ಮೀಟರ್ ಬೋರ್ಡ್ ಬಿಚ್ಚಿ ಚಿಪ್‌ಗೆ ಬರ್ದು ಬಿಡ್ತಾರೆ, ಅಂಕಿ ನೀಟಾಗಿ ಕೂರತ್ತೆ. ಆದ್ರೆ ಅವ್ರ ಕೈಗೆ ಸಿಗದೇ ಇರೋದು ಒಂದಿದೆ, ಅದು ಕಂಪನಿ ಸರ್ವೀಸ್ ಸೆಂಟರ್‌ನ ಕಂಪ್ಯೂಟರ್. ಗಾಡಿ ಪ್ರತಿ ಸಲ ಸರ್ವೀಸ್‌ಗೆ ಹೋದಾಗ ತಾರೀಖು, ಕಿಲೋಮೀಟರ್, ಏನ್ ಕೆಲಸ ಆಯ್ತು ಅನ್ನೋದು ರಿಜಿಸ್ಟ್ರೇಷನ್ ನಂಬರ್ ಮೇಲೆ ಅಲ್ಲಿ ದಾಖಲಾಗತ್ತೆ. ಹೊರಗಿನೋರಿಗೆ ಕೆಲವು ಕಡೆ ತೋರ್ಸಲ್ಲ, ಅದಕ್ಕೆ ಆರ್‌ಸಿಲಿ ಹೆಸ್ರಿರೋ ಓನರ್ ಕೈಲೇ ಹಿಸ್ಟರಿ ತರ್ಸಿ ಅಂತ ಡೀಲರ್‌ಗೆ ಹೇಳಿ. ಓನರ್ ಫಾರಿನ್‌ನಲ್ಲಿದಾರೆ, ಫೋನ್ ಎತ್ತಲ್ಲ, ಅಂತೆಲ್ಲ ಶುರು ಮಾಡಿದ್ರೆ ನೀವು ನಮಸ್ಕಾರ ಹೇಳಿ ಬಸ್ ಹತ್ತಿ. ಹಿಸ್ಟರಿ ಬಂತು ಅಂದ್ಕೊಳ್ಳಿ, 2019ರಲ್ಲಿ 62 ಸಾವ್ರ ಅಂತ ಕೊನೇ ಎಂಟ್ರಿ ಇದ್ರೆ ಅಲ್ಲಿಗೆ ಮಾತು ಮುಗೀತು. ಎಂಟ್ರಿ ಮಧ್ಯದಲ್ಲೇ ನಿಂತೋಗಿದ್ರೆ ಆಮೇಲೆ ಹೊರಗಡೆ ಎಲ್ಲಿ ಮಾಡ್ಸಿದ್ರು, ಬಿಲ್ ಎಲ್ಲಿ ಅಂತ ಕೇಳಿ.

ಟಯರ್ ನೋಡಿ. ಟಯರ್ ಪಕ್ಕದಲ್ಲಿ ಅಂಡಾಕಾರದ ಗೆರೆ ಒಳಗೆ ನಾಲ್ಕು ಅಂಕಿ ಇರತ್ತೆ, 3822 ಅಂದ್ರೆ 2022ನೇ ಇಸ್ವಿ 38ನೇ ವಾರದಲ್ಲಿ ತಯಾರಾಗಿದ್ದು. ಕಂಪನಿ ಟಯರ್ ಸಾಮಾನ್ಯವಾಗಿ 40-50 ಸಾವ್ರ ಬರತ್ತೆ. 48 ಸಾವ್ರದ ಗಾಡಿಗೆ 2016ರ ಟಯರೇ ಇರ್ಬೇಕು, ಇಲ್ಲಾ ಒಂದೇ ಸಲ ಬದಲಾಯ್ಸಿರ್ಬೇಕು. 2022ರ ಟಯರ್ ಹಾಕಿ ಅದೂ ಸವ್ದು ಬೋಳಾಗಿದೆ ಅಂದ್ರೆ ಆ ಒಂದು ಸೆಟ್ಟೇ 40 ಸಾವ್ರ ಓಡಿದೆ, ಹಾಗಾದ್ರೆ ಅದಕ್ಕಿಂತ ಹಿಂದಿನ ಆರು ವರ್ಷ ಗಾಡಿ ಎಲ್ಲಿತ್ತು? ಸ್ಟೆಪ್ನಿನೂ ತೆಗ್ಸಿ ನೋಡಿ. ಇನ್ನು ಪೆಡಲ್ ರಬ್ಬರ್, ಸ್ಟೀರಿಂಗ್ ಮೇಲಿನ ಹೊಳಪು, ಡ್ರೈವರ್ ಸೀಟಿನ ಬಾಗಿಲು ಕಡೆ ಅಂಚು, ಪವರ್ ವಿಂಡೋ ಸ್ವಿಚ್ ಮೇಲೆ ಅಳಿಸಿರೋ ಗುರುತು, ಇವೆಲ್ಲ ಸುಳ್ಳು ಹೇಳಲ್ಲ. ಬುದ್ಧಿವಂತ ಡೀಲರ್ ಹೊಸ ಸೀಟ್ ಕವರ್, ಸ್ಟೀರಿಂಗ್ ಕವರ್, ಹೊಸ ಪೆಡಲ್ ರಬ್ಬರ್ ಹಾಕ್ಬಿಡ್ತಾನೆ, ಹಂಗಾಗಿ ಹಳೇ ಗಾಡಿಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ರೆ ನಂಗೆ ಇನ್ನೂ ಜಾಸ್ತಿ ಅನುಮಾನ. ನಿಮ್ಮೋನು ಅಷ್ಟು ಕಷ್ಟಾನೂ ಪಟ್ಟಿಲ್ಲ.

ಆದ್ರೆ ಇಷ್ಟೆಲ್ಲ ಹೇಳಿ ಗಾಡಿ ಬೇಡ ಅಂತ ಹೇಳಲ್ಲ. ಆ 1.3 ಡೀಸೆಲ್ ಇಂಜಿನ್ ಮೂಲತಃ ಫಿಯೆಟ್‌ದು, ಸ್ವಿಫ್ಟ್, ಡಿಜೈರ್, ಎರ್ಟಿಗಾ, ಫಿಯೆಟ್ ಲಿನಿಯಾ, ಇಂಡಿಕಾ ವಿಸ್ಟಾ ಎಲ್ಲದ್ರಲ್ಲೂ ಇದೇ ಇತ್ತು, ರಾಣೆಬೆನ್ನೂರಲ್ಲಿ ಸಣ್ಣ ಗ್ಯಾರೇಜಲ್ಲಿ ಕೇಳಿದ್ರೂ ಕಣ್ಮುಚ್ಚಿ ಬಿಚ್ತಾರೆ. ಟೈಮಿಂಗ್ ಚೈನ್ ಇರೋ ಇಂಜಿನ್ನು, ಟೈಮಿಂಗ್ ಬೆಲ್ಟ್ ಥರ ಇಂತಿಷ್ಟಕ್ಕೆ ಬದಲಾಯ್ಸೋ ರಗಳೆ ಇಲ್ಲ. ಟೈಮ್‌ಗೆ ಆಯಿಲ್ ಬದಲಾಯ್ಸಿದ್ರೆ ಲಕ್ಷದ ಇಪ್ಪತ್ತು ಸಾವ್ರ ಅದಕ್ಕೆ ಅಂಥಾ ವಯಸ್ಸಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನೋ ಹೊಸ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿದ್ದು ನಿಜ, ಆದ್ರೂ ಇಷ್ಟೊಂದು ಗಾಡಿ ರೋಡಲ್ಲಿ ಇರೋದ್ರಿಂದ ಸ್ಪೇರ್ ಚಿಂತೆ ಇಲ್ಲ. ನಾನು ಹೇಳೋದು ಇಷ್ಟೇ, ಲಕ್ಷ ದಾಟಿದ ಗಾಡಿ ಅಂತ ಲೆಕ್ಕ ಹಾಕಿ ರೇಟ್ ಕೇಳಿ, 48 ಸಾವ್ರದ ರೇಟ್ ಕೊಡ್ಬೇಡಿ. ಮೀಟರ್ ತಿರುಗ್ಸಿದ್ದಕ್ಕಿಂತ ಆಯಿಲ್ ಬದಲಾಯ್ಸದೇ ಓಡ್ಸಿದ್ದು ದೊಡ್ಡ ಅಪರಾಧ ನನ್ ಪ್ರಕಾರ.

ಅದನ್ನ ಹಿಡಿಯೋದು ಹೀಗೆ. ಬೆಳಿಗ್ಗೆ ಬರ್ತೀನಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ ಹಿಂದಿನ ದಿನಾನೇ ಹೇಳಿ, ಹೋದ ತಕ್ಷಣ ಮಾತಿಗಿಂತ ಮುಂಚೆ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ರೆ ಏನೋ ಮುಚ್ಚಿಡ್ತಿದಾರೆ, ಯಾಕಂದ್ರೆ ಕೋಲ್ಡ್ ಸ್ಟಾರ್ಟ್‌ನಲ್ಲೇ ಇಂಜಿನ್ ಬಂಡವಾಳ ಬಯಲಾಗೋದು. ಸ್ಟಾರ್ಟ್ ಮಾಡ್ಸಿ ನೀವು ಸೈಲೆನ್ಸರ್ ಹತ್ರ ನಿಂತ್ಕೊಳ್ಳಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಗಟ್ಟಿ ಕಪ್ಪು ಹೊಗೆ ನಿಲ್ಲದೇ ಬಂದ್ರೆ ಇಂಜೆಕ್ಟರೋ ಟರ್ಬೋನೋ ನೋಡ್ಬೇಕು, ಬಿಳಿ ಹೊಗೆ ಬಿಸಿಯಾದ್ಮೇಲೂ ನಿಲ್ಲದಿದ್ರೆ ಕೂಲಂಟ್ ಒಳಗೆ ಹೋಗ್ತಿರ್ಬಹುದು. ಆಮೇಲೆ ಇಂಜಿನ್ ಓಡ್ತಿರೋವಾಗ್ಲೇ ಆಯಿಲ್ ಹಾಕೋ ಮುಚ್ಚಳ ನಿಧಾನಕ್ಕೆ ತಿರುಗ್ಸಿ ತೆಗೀರಿ. ಒಂಚೂರು ಆವಿ ಬರೋದು ಸಹಜ, ಆದ್ರೆ ಬುಸ್ ಬುಸ್ ಅಂತ ಹೊಡೆತದ ಥರ ಗಾಳಿ ಬಂದು ಮುಚ್ಚಳ ಅದರ ಪಾಡಿಗೆ ಕುಣೀತಿದ್ರೆ ಪಿಸ್ಟನ್ ರಿಂಗ್ ಸವ್ದಿದೆ, ಇಂಜಿನ್ ಕೆಲಸ ಹತ್ರ ಇದೆ. ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಟ್ಟಿದ್ರೆ ಆಯಿಲ್ ಒಳಗೆ ನೀರಿದೆ. ಡಿಪ್ ಸ್ಟಿಕ್ ತೆಗ್ದು ಬೆರಳಲ್ಲಿ ಉಜ್ಜಿ ನೋಡಿ, ಡೀಸೆಲ್ ಇಂಜಿನ್ ಆಯಿಲ್ ಕಪ್ಪಾಗಿರೋದು ಮಾಮೂಲು, ಮರಳಿನ ಥರ ಕೈಗೆ ಹತ್ತಬಾರ್ದು.

ಕ್ಲಚ್‌ಗೆ, ಹ್ಯಾಂಡ್ ಬ್ರೇಕ್ ಎಳ್ದು ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ, ಇಂಜಿನ್ ತಕ್ಷಣ ಆಫ್ ಆಗ್ಬೇಕು. ಆಫ್ ಆಗದೇ ಗುಂಯ್ ಅಂತ ಓಡ್ತಾನೇ ಇದ್ರೆ ಪ್ಲೇಟ್ ಮುಗ್ದಿದೆ, ಆ ಖರ್ಚನ್ನ ರೇಟಲ್ಲಿ ಕಳೀರಿ. ಒಂದೇ ಸಲ ಮಾಡಿ ಸಾಕು, ಪದೇ ಪದೇ ಮಾಡಿ ಇರೋ ಪ್ಲೇಟ್ ಸುಡ್ಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಒಬ್ರು ಆಂಟಿ 2019ರ ವ್ಯಾಗನ್ ಆರ್ ಪೆಟ್ರೋಲ್ ಮಾರ್ತಿದಾರೆ. ಬರೀ 14,000 ಕಿ.ಮೀ. ಓಡಿದೆ, ಅದಂತೂ ಗ್ಯಾರಂಟಿ, ನಾವೇ ಕಣ್ಣಾರೆ ನೋಡ್ತಿದೀವಿ, ಬೇಸ್‌ಮೆಂಟಲ್ಲಿ ಕವರ್ ಹಾಕಿ ನಿಂತೇ ಇರತ್ತೆ. ನಮ್ಮನೆಯವ್ರು ಲಾಟರಿ ಹೊಡೀತು ಅಂತಿದಾರೆ. ನಿಜಾನಾ?
(ಬೆಂಗಳೂರಿನ ಓದುಗರು)

ಉತ್ತರ: ಅಕ್ಕಾ, ಮೀಟರ್ ನಿಜ ಇದೆ, ಆಂಟಿನೂ ಗೊತ್ತಿರೋರು, ಆ ಮಟ್ಟಿಗೆ ಲಾಟರಿನೇ. ಆದ್ರೆ ಹೊಸ ಕಾರಿಗೆ ಹತ್ರ ಹತ್ರ ಇರೋ ರೇಟ್ ಹೇಳಿದ್ರೆ ಒಪ್ಕೋಬೇಡಿ. ನಿಂತಿರೋ ಗಾಡಿ ಕೂಡ ಹಳೇದಾಗತ್ತೆ, ಆ ಲೆಕ್ಕ ಮಾತ್ರ ಮೀಟರಲ್ಲಿ ಬರಲ್ಲ. ಟಯರ್‌ಗೆ ಗೆರೆ ಚೆನ್ನಾಗಿದ್ರೂ ರಬ್ಬರ್ ಗಟ್ಟಿಯಾಗಿರತ್ತೆ, ಪಕ್ಕದ ಗೋಡೆಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸ್ತಿದ್ರೆ ನಾಲ್ಕೂ ಹೊಸದು ಹಾಕಿಸ್ಬೇಕು, ಹದಿನೈದು ಇಪ್ಪತ್ತು ಸಾವ್ರ ಅಂತಿಟ್ಕೊಳ್ಳಿ. ಬ್ಯಾಟರಿ, ವೈಪರ್ ರಬ್ಬರ್, ಬೆಲ್ಟ್, ಹೋಸ್ ಪೈಪ್, ಬ್ರೇಕ್ ಆಯಿಲ್, ಕೂಲಂಟ್ ಎಲ್ಲಾ ವಯಸ್ಸಿನ ಲೆಕ್ಕದಲ್ಲೇ ಹಾಳಾಗೋದು.

ಎಲ್ಲಕ್ಕಿಂತ ಮುಖ್ಯ ಆಂಟಿ ಸರ್ವೀಸ್ ಮಾಡ್ಸಿದಾರಾ ಕೇಳಿ. ಓಡೇ ಇಲ್ವಲ್ಲ ಯಾಕ್ ಸರ್ವೀಸ್ ಅಂತ ಎರಡ್ಮೂರು ವರ್ಷ ಹಾಗೇ ಬಿಟ್ಟಿರೋರು ತುಂಬಾ ಜನ. ಮಾರುತಿಯವ್ರು ಹತ್ತು ಸಾವ್ರ ಅಥವಾ ಒಂದು ವರ್ಷ, ಯಾವ್ದು ಮೊದಲು ಬರತ್ತೋ ಅದು ಅಂತಾರೆ, ಇಂಥಾ ಗಾಡಿಗೆ ವರ್ಷಾನೇ ಮೊದ್ಲು ಬರೋದು. ಅದ್ರಲ್ಲೂ ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ದೇವಸ್ಥಾನಕ್ಕೆ ಅಂತ ಒಂದೆರಡು ಕಿಲೋಮೀಟರ್ ಓಡ್ಸಿ ನಿಲ್ಸಿದ್ರೆ ಇಂಜಿನ್ ಸರಿಯಾಗಿ ಬಿಸಿನೇ ಆಗಲ್ಲ, ಆಯಿಲ್‌ನಲ್ಲಿ ಸೇರೋ ತೇವ ಆವಿಯಾಗಿ ಹೋಗೋದೂ ಇಲ್ಲ. ಹೈವೇಲಿ ಓಡಿರೋ 60 ಸಾವ್ರದ ಗಾಡಿ ಇಂಜಿನ್ ಇದಕ್ಕಿಂತ ಗಟ್ಟಿಮುಟ್ಟಾಗಿರೋ ಸಾಧ್ಯತೆ ಇದೆ, ಜನ ನಂಬಲ್ಲ ಅಷ್ಟೇ.

ಇನ್ನೊಂದು, ಬೇಸ್‌ಮೆಂಟ್ ಅಂದ್ರಲ್ಲ, ಇಲಿ! ಬಾನೆಟ್ ತೆಗ್ದು ವೈರ್ ಮೇಲಿನ ಸಿಪ್ಪೆ ಎಲ್ಲಾದ್ರೂ ಕಡ್ದಿದ್ಯಾ, ಇನ್ಸುಲೇಷನ್ ಟೇಪ್ ಹೊಸದಾಗಿ ಸುತ್ತಿದಾರಾ ನೋಡಿ. ಮತ್ತೆ ನಿಮ್ಮದು ಯಾವ ಏರಿಯಾ ಬರ್ದಿಲ್ಲ, 2022ರ ಮಳೇಲಿ ಬೆಳ್ಳಂದೂರು, ಯಮಲೂರು, ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿ ಕಾರ್‌ಗಳು ಮುಳುಗಿದ್ವಲ್ಲ, ಆ ಕಡೆಯದಾದ್ರೆ ಸೀಟ್ ಬೆಲ್ಟನ್ನ ಪೂರ್ತಿ ಕೊನೇವರೆಗೂ ಎಳೀರಿ. ಗಾಡಿ ತೊಳೆಯೋರು ಎಲ್ಲಾ ತೊಳೀತಾರೆ, ಬೆಲ್ಟಿನ ಆ ಕೊನೇ ಮೊಳ ಒಳಗೇ ಸುತ್ಕೊಂಡಿರತ್ತೆ, ಕೆಸರಿನ ಕಲೆ ಅಲ್ಲೇ ಉಳಿಯೋದು. ಸೀಟ್ ಕೆಳಗಿನ ರೈಲ್ ತುಕ್ಕು ಹಿಡಿದಿದ್ಯಾ, ಸ್ಟೆಪ್ನಿ ಗುಂಡಿಲಿ ಮಣ್ಣಿದ್ಯಾ, ಕಾರ್ಪೆಟ್ ಎತ್ತಿದ್ರೆ ಮುಗ್ಗಲು ವಾಸನೆ ಬರತ್ತಾ ನೋಡ್ಕೊಳ್ಳಿ. ಇಷ್ಟೂ ಸರಿ ಇದ್ರೆ ಟಯರ್, ಬ್ಯಾಟರಿ ದುಡ್ಡು ಕಳ್ದು ತಗೊಳ್ಳಿ, ಒಳ್ಳೇ ಗಾಡಿ.

ಪ್ರಶ್ನೆ: ಅಣ್ಣಾ, 2018ರ ಸ್ವಿಫ್ಟ್ ಪೆಟ್ರೋಲ್ ನೋಡಿದೀನಿ. ಮಾರೋನು ಮೈಲೇಜ್ 22 ಬರತ್ತೆ ಅಂತ ಡಿಸ್‌ಪ್ಲೇಲೇ ತೋರ್ಸಿದ. ತಗೊಳ್ಳೋಕೆ ಮುಂಚೆ ಮೈಲೇಜ್ ಚೆಕ್ ಮಾಡೋದು ಹೆಂಗೆ?
(ಶಿವಮೊಗ್ಗದ ಓದುಗರು)

ಉತ್ತರ: ತಮ್ಮಾ, ಆ 22 ಅನ್ನೋದು ಗಾಡಿ ಪರೀಕ್ಷೆ ಮಾಡೋ ಸಂಸ್ಥೆ ಎಆರ್‌ಎಐ ಸರ್ಟಿಫಿಕೇಟ್‌ನ ಅಂಕಿ. ಲ್ಯಾಬ್ ಒಳಗೆ ರೋಲರ್ ಮೇಲೆ ಚಕ್ರ ತಿರುಗ್ಸಿ ಅಳೆಯೋದು ಅದು, ಅಲ್ಲಿ ಟ್ರಾಫಿಕ್ ಇಲ್ಲ, ಹಂಪ್ ಇಲ್ಲ, ಆಗುಂಬೆ ಘಾಟಿ ಇಲ್ಲ. ಊರೊಳಗೆ 14-15, ಹೈವೇಲಿ ಸಮಾಧಾನವಾಗಿ ಹೋದ್ರೆ 18-19 ಬಂದ್ರೆ ಖುಷಿಯಾಗಿರು. ಡಿಸ್‌ಪ್ಲೇನ ರೀಸೆಟ್ ಮಾಡಿ, ಖಾಲಿ ರೋಡಲ್ಲಿ ಟಾಪ್ ಗೇರಲ್ಲಿ 60ರಲ್ಲಿ ನಾಲ್ಕು ಕಿಲೋಮೀಟರ್ ಓಡ್ಸಿದ್ರೆ 22 ಏನು, ಅದಕ್ಕಿಂತ ಜಾಸ್ತಿನೂ ತೋರ್ಸತ್ತೆ, ಅದನ್ನ ನಂಬೋದು ಬೇಡ.

ಸರಿಯಾಗಿ ಅಳೆಯೋದು ಟ್ಯಾಂಕ್ ಟು ಟ್ಯಾಂಕ್ ಒಂದೇ. ಬಂಕಲ್ಲಿ ಆಟೋ ಕಟ್ ಆಗೋವರೆಗೂ ಹಾಕ್ಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಇನ್ನೂರು ಮುನ್ನೂರು ಕಿ.ಮೀ. ಓಡ್ಸಿ, ಅದೇ ಬಂಕಲ್ಲಿ ಮತ್ತೆ ಆಟೋ ಕಟ್‌ವರೆಗೂ ಹಾಕ್ಸಿ, ಓಡಿದ ಕಿಲೋಮೀಟರನ್ನ ಎರಡನೇ ಸಲ ಹಾಕ್ಸಿದ ಲೀಟರಿಂದ ಭಾಗ್ಸು. ಮಾರೋನು ಅಷ್ಟೆಲ್ಲ ಓಡ್ಸಕ್ಕೆ ಕೊಡಲ್ಲ, ಗೊತ್ತು. ಹಂಗಾಗಿ ತಗೊಳ್ಳೋಕೆ ಮುಂಚೆ ಮೈಲೇಜ್ ಅಳೆಯಕ್ಕೆ ಆಗಲ್ಲ, ಮೈಲೇಜ್ ತಿನ್ನೋ ರೋಗ ಇದ್ಯಾ ಅಂತ ನೋಡಕ್ಕಾಗತ್ತೆ. ಸಮತಟ್ಟು ರೋಡಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೆ ಗಾಡಿ ಆರಾಮಾಗಿ ಉರುಳ್ಕೊಂಡು ಹೋಗ್ಬೇಕು, ಯಾರೋ ಹಿಂದಿಂದ ಹಿಡ್ಕೊಂಡಂಗೆ ನಿಂತೋದ್ರೆ ಬ್ರೇಕ್ ಹಿಡೀತಿದೆ. ಓಡ್ಸಿ ಬಂದ್ಮೇಲೆ ನಾಲ್ಕೂ ಚಕ್ರದ ಹತ್ರ ಕೈ ಹಿಡಿ, ಮುಟ್ಟಬೇಡ, ಒಂದು ಮಾತ್ರ ಜಾಸ್ತಿ ಕಾದಿದ್ರೆ ಅದೇ ಕಳ್ಳ. ಆಕ್ಸಿಲರೇಟರ್ ಒತ್ತಿದ್ರೆ ಸದ್ದು ಮಾತ್ರ ಏರಿ ಸ್ಪೀಡ್ ಏರದಿದ್ರೆ ಕ್ಲಚ್ ಜಾರ್ತಿದೆ. ಟಯರ್ ಒಂದೇ ಅಂಚಲ್ಲಿ ಸವ್ದಿದ್ರೆ ಅಲೈನ್‌ಮೆಂಟ್ ಇಲ್ಲಾ ಸಸ್ಪೆನ್ಷನ್ ಕೆಲಸ ಇದೆ.

ಇದ್ರ ಜೊತೆ ಈಗ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್. ಲೀಟರ್ ಲೆಕ್ಕದಲ್ಲಿ ಎಥನಾಲ್‌ಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಂಗಾಗಿ ಮೈಲೇಜ್ ಒಂಚೂರು ಇಳಿಯೋದು ಗಾಡಿ ತಪ್ಪಲ್ಲ. 2023ರ ಏಪ್ರಿಲ್ ನಂತರದ ಗಾಡಿಗಳು ಇ20 ಲೆಕ್ಕಕ್ಕೇ ತಯಾರಾಗಿದ್ದು, ನಿಂದು 2018ದು, ಫ್ಯೂಯಲ್ ಪೈಪ್, ರಬ್ಬರ್ ಸೀಲ್‌ಗಳನ್ನ ಸರ್ವೀಸ್‌ನಲ್ಲಿ ನೋಡ್ಸ್ತಾ ಇರು.

ಪ್ರಶ್ನೆ: ದಿಲ್ಲಿಯಿಂದ ಡೀಸೆಲ್ ಎಸ್‌ಯುವಿ ಅರ್ಧ ರೇಟಿಗೆ ಸಿಗ್ತಿದೆ, ಒಂಬತ್ತು ವರ್ಷದ್ದು. ತರ್ಸಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ಅರ್ಧ ರೇಟ್ ಯಾಕೆ ಅಂದ್ರೆ ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಗೆರೆ ಎಳ್ದಿದ್ರು, ಅದಕ್ಕಿಂತ ಹಳೇದು ಓಡ್ಸಂಗಿಲ್ಲ ಅಂತ, 2014-15ರಲ್ಲಿ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಹೇಳಿದ್ದನ್ನ 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು, 2025ರಲ್ಲಿ ಅದೇ ಕೋರ್ಟ್ ಸ್ವಲ್ಪ ಸಡಿಲ ಮಾಡ್ತು. ಗಡುವು ಹತ್ರ ಬಂದಂಗೆ ರೇಟ್ ಬೀಳತ್ತೆ. ಗಾಡಿ ಕೆಟ್ಟದು ಅಂತಲ್ಲ. ಆದ್ರೆ ಇಲ್ಲಿಗೆ ತಂದ್ಮೇಲೆ ಅಲ್ಲಿಯ ಆರ್‌ಟಿಓ ಎನ್‌ಒಸಿ ಬೇಕು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಗಾಡಿ ವಯಸ್ಸಿನ ಲೆಕ್ಕದಲ್ಲಿ ಮತ್ತೆ ಕಟ್ಬೇಕು, ಕೆಎ ನಂಬರ್ ಮಾಡ್ಸಬೇಕು, ಸಾಗಣೆ, ಏಜೆಂಟ್ ಖರ್ಚು ಬೇರೆ. ಎಸ್‌ಯುವಿಗೆ ಈ ಟ್ಯಾಕ್ಸ್ ಸಣ್ಣದಲ್ಲ. ದಾವಣಗೆರೆ ಆರ್‌ಟಿಓಲಿ ಮೊದ್ಲು ಎಷ್ಟಾಗತ್ತೆ ಅಂತ ಕೇಳಿ ಬರ್ಕೊಳ್ಳಿ, ಎಲ್ಲಾ ಕೂಡ್ಸಿ, ಆಮೇಲೆ ಅದೇ ಮಾಡಲ್‌ನ ಲೋಕಲ್ ಗಾಡಿ ರೇಟ್ ಪಕ್ಕಕ್ಕಿಡಿ. ಸುಮಾರು ಸಲ ವ್ಯತ್ಯಾಸ ಕರಗೋಗತ್ತೆ, ಕಾಣದೇ ಇರೋ ಗಾಡಿ ಅನ್ನೋ ತಲೆನೋವು ಮಾತ್ರ ಉಳಿಯತ್ತೆ. ನನ್ ದುಡ್ಡಾದ್ರೆ ತರ್ಸಲ್ಲ.

ಪ್ರಶ್ನೆ: ಡಸ್ಟರ್ ಡೀಸೆಲ್, 95,000 ಓಡಿದೆ, ಕಾಫಿ ತೋಟದೋರ ಗಾಡಿ. ಎಲ್ಲಾ ಸರ್ವೀಸ್ ಬಿಲ್ ಇದೆ. ಲಕ್ಷ ಆಗ್ತಾ ಬಂತಲ್ಲ ಅಂತ ಭಯ.
(ಚಿಕ್ಕಮಗಳೂರಿನ ಓದುಗರು)

ಉತ್ತರ: ಎಲ್ಲಾ ಬಿಲ್ ಇಟ್ಟಿರೋರ ಗಾಡಿ ಸಿಗೋದೇ ಪುಣ್ಯ, ಲಕ್ಷಕ್ಕೆ ಹೆದರ್ಬೇಡಿ. ಆದ್ರೆ ಆ ಬಿಲ್‌ಗಳಲ್ಲಿ ಒಂದನ್ನ ಮಾತ್ರ ಹುಡ್ಕಿ, ಟೈಮಿಂಗ್ ಬೆಲ್ಟ್. ಆ 1.5 ಡೀಸೆಲ್‌ನಲ್ಲಿ ಚೈನ್ ಅಲ್ಲ, ಬೆಲ್ಟ್ ಇರೋದು. ಅದು ಓಡೋವಾಗ ಕಟ್ ಆದ್ರೆ ಪಿಸ್ಟನ್ನು, ವಾಲ್ವು ಒಂದಕ್ಕೊಂದು ಹೊಡ್ಕೊಂಡು ಇಂಜಿನ್ನೇ ಬಿಚ್ಚೋ ಪರಿಸ್ಥಿತಿ, ಮುಂಚೆ ಸದ್ದುಗಿದ್ದು ಏನೂ ಬರ್ಬೇಕು ಅಂತಿಲ್ಲ. ಮ್ಯಾನುಯಲ್‌ನಲ್ಲಿ ಎಷ್ಟಕ್ಕೆ ಬದಲಾಯ್ಸಿ ಅಂತ ಹೇಳಿದಾರೆ ನೋಡಿ, ಬದಲಾಯ್ಸಿದ ಬಿಲ್ ಇಲ್ದಿದ್ರೆ ಬದಲಾಗಿಲ್ಲ ಅಂತಾನೇ ತಿಳ್ಕೊಳ್ಳಿ. ಬೆಲ್ಟ್, ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್, ಜೊತೆಗೆ ವಾಟರ್ ಪಂಪ್ ಒಟ್ಟಿಗೇ ಹಾಕ್ಸಿ, ಕೂಲಿ ಒಂದೇ ಸಲ ಬೀಳತ್ತೆ. ಆ ಖರ್ಚನ್ನ ರೇಟಲ್ಲಿ ಕಳೀರಿ. ತೋಟದ ದಾರಿಲಿ ಓಡಿರೋದ್ರಿಂದ ರ‍್ಯಾಂಪ್ ಮೇಲೆ ಎತ್ತಿ ಕೆಳಗೆ ನೋಡ್ಸೋದು ಮರೀಬೇಡಿ, ಬುಷ್, ಲಿಂಕ್ ರಾಡ್, ಆಯಿಲ್ ಚೇಂಬರ್‌ಗೆ ಕಲ್ಲು ಹೊಡ್ದಿರೋ ಗುರುತು. ಡಸ್ಟರ್ ಡೀಸೆಲ್ 2020ಕ್ಕೇ ನಿಂತಿದೆ, ಸ್ಪೇರ್ ನಿಮ್ಮೂರಲ್ಲಿ ಎಷ್ಟು ದಿನಕ್ಕೆ ಬರತ್ತೆ ಅಂತ ಮೆಕ್ಯಾನಿಕ್ ಹತ್ರ ಮೊದಲೇ ಕೇಳಿ.

ಪ್ರಶ್ನೆ: ಆಕ್ಸಿಡೆಂಟ್ ಆಗಿಲ್ಲ ಅಂತಾರೆ, ಹೇಗೆ ನಂಬೋದು? ಪೇಪರ್ಸ್ ಏನೇನು ನೋಡ್ಬೇಕು?
(ಉಡುಪಿಯ ಓದುಗರು)

ಉತ್ತರ: ಬಾನೆಟ್, ಫೆಂಡರ್, ಡೋರ್ ಹಿಂಜ್‌ನ ಬೋಲ್ಟ್‌ಗಳನ್ನ ನೋಡಿ, ಕಂಪನಿಲಿ ಪೇಂಟ್ ಅದ್ರ ಮೇಲೂ ಕೂತಿರತ್ತೆ, ಸ್ಪ್ಯಾನರ್ ಬಿದ್ದಿದ್ರೆ ಮೂಲೆಲಿ ಪೇಂಟ್ ಒಡ್ದಿರತ್ತೆ. ಬರೀ ಒಂದು ಡೋರ್ ಟಿಂಕರಿಂಗ್ ಆಗಿದ್ರೆ ತಲೆ ಕೆಡ್ಸ್ಕೋಬೇಡಿ, ನಮ್ ರೋಡಲ್ಲಿ ಅದಿಲ್ದೇ ಇರೋ ಗಾಡಿ ಎಲ್ಲಿದೆ. ಡೋರ್ ರಬ್ಬರ್ ಬೀಡಿಂಗ್ ಎಳ್ದು ಒಳಗಿನ ವೆಲ್ಡಿಂಗ್ ಚುಕ್ಕೆ ಒಂದೇ ಸಮ ಇದ್ಯಾ ನೋಡಿ, ಕಂಬಕ್ಕೆ, ಚಾಸಿಗೆ ಪೆಟ್ಟು ಬಿದ್ದಿದ್ರೆ ಮಾತ್ರ ಬಿಟ್ಬಿಡಿ. ನಿಮ್ಮದು ಕಡಲ ತೀರ ಬೇರೆ, ಉಪ್ಪು ಗಾಳಿಗೆ ತುಕ್ಕು ಬೇಗ, ಡೋರಿನ ಕೆಳ ಅಂಚು, ಸೈಲೆನ್ಸರ್, ಫ್ಲೋರ್ ಕೆಳಗೆ ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ.

ಇನ್ಶೂರೆನ್ಸ್ ಪಾಲಿಸಿಲಿ ನೋ ಕ್ಲೇಮ್ ಬೋನಸ್ ಎಷ್ಟು ಪರ್ಸೆಂಟ್ ಅಂತ ಬರ್ದಿರತ್ತೆ. 20ರಿಂದ ಶುರುವಾಗಿ 25, 35, 45, 50ರವರೆಗೆ ಏರೋದು. ಏಳೆಂಟು ವರ್ಷ ಒಬ್ರ ಹೆಸ್ರಲ್ಲೇ ಇರೋ ಗಾಡಿಗೆ ಸೊನ್ನೆ ಅಂತ ಇದ್ರೆ ಹಿಂದಿನ ವರ್ಷ ಕ್ಲೇಮ್ ಆಗಿದ್ಯಾ, ಏನಕ್ಕೆ ಅಂತ ಕೇಳಿ. ಆ ಬೋನಸ್ ಮಾರಿದೋರಿಗೇ ಹೋಗತ್ತೆ, ನಿಮಗೆ ಬರಲ್ಲ, ಹಾಗಾಗಿ ಬೋನಸ್ ಇದೆ ಅಂತ ಹೇಳಿ ರೇಟ್ ಏರ್ಸಿದ್ರೆ ನಗ್ಬಿಡಿ. ಆರ್‌ಸಿಲಿ ಬ್ಯಾಂಕ್ ಹೆಸ್ರು ಇದ್ರೆ ಲೋನ್ ತೀರಿದ ಪತ್ರ ತಂದು ಅದನ್ನ ತೆಗ್ಸೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಫೈನ್ ಎಷ್ಟು ಬಾಕಿ ಇದೆ ನೋಡಿ. ಓನರ್ ಹೆಸ್ರು ಬದಲಾಯ್ಸೋ ಫಾರ್ಮ್ 29, 30ಕ್ಕೆ ನಿಮ್ಮೆದುರಿಗೇ ಸೈನ್ ಹಾಕಿಸ್ಕೊಳ್ಳಿ. ಗಾಡಿ ನಿಮ್ಮ ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸ್ರಿಗೆ ಮಾಡ್ಸೋಕೆ ಅರ್ಜಿ ಕೊಡಿ, ಆರ್‌ಸಿ ಬಂದ್ಮೇಲೆ ನೋಡೋಣ ಅಂತ ಕೂತ್ಕೋಬೇಡಿ, ಅಷ್ಟ್ರಲ್ಲಿ ಯಾವನಾದ್ರೂ ಹಿಂದಿಂದ ಬಂದು ಗುದ್ದಿದ್ರೆ ನಿಮ್ಮ ಗಾಡಿ ರಿಪೇರಿ ದುಡ್ಡು ಕೇಳಕ್ಕೆ ಪಾಲಿಸಿಲಿ ನಿಮ್ಮ ಹೆಸ್ರೇ ಇರಲ್ಲ.